ಮೂಲೆಮನೆಯ ಆರ್ಲಿಸ್ ಮತ್ತು ಮೂವತ್ತು ದಿನ

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಆರ್ಲಿಸ್ ಟ್ವೀಟನ್‌ಗೆ ಹಿಮದ ಬಿರುಗಾಳಿಯೂ ಭಯ ತಂದಿರಲಿಲ್ಲ. ಈಗ ಅಂಚೆಯ ಗಾಡಿ ತಿರುವಿನಲ್ಲಿ ಕಂಡರೆ ಸಾಕು, ಕಿಟಕಿಯ ಪರದೆ ಎಳೆದುಬಿಡುತ್ತಾಳೆ.

ನಾರ್ತ್ ಡಕೋಟಾದ ನಮ್ಮೂರಿನಲ್ಲಿ ರಸ್ತೆಯೋ ಚರಂಡಿಯೋ ಹೊಸದಾಗಬೇಕಾದರೆ ಪುರಸಭೆಯವರು ನಕ್ಷೆಯಲ್ಲಿ ಒಂದಷ್ಟು ಬೀದಿಗಳ ಸುತ್ತ ಗೆರೆ ಎಳೆಯುತ್ತಾರೆ. ಖರ್ಚೆಲ್ಲ ಆ ಗೆರೆಯೊಳಗಿನ ಮನೆಗಳ ಮೇಲೆ, ಮನೆಯ ಮುಂದೆ ರಸ್ತೆ ಎಷ್ಟು ಅಡಿಯಿದೆಯೋ ಆ ಲೆಕ್ಕದಲ್ಲಿ. ಆರ್ಲಿಸಳದು ಮೂಲೆಮನೆ, ಎರಡೂ ಬೀದಿಯ ಅಡಿ ಅವಳ ತಲೆಗೆ. ಬೇಡವೆನ್ನುವವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು. ಅರ್ಧಕ್ಕಿಂತ ಹೆಚ್ಚು ಮಂದಿ ಬರೆದರೆ ಕೆಲಸ ನಿಲ್ಲುತ್ತದೆ. ಬರೆಯದವರೆಲ್ಲ ಒಪ್ಪಿದವರು!

ಈ ನಿಯಮ ಮಾಡಿದವರಿಗೆ ನಮ್ಮ ಜನ ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ಇಲ್ಲಿಯವರು ಬೇಡವೆನ್ನುವುದೇ ಸುಮ್ಮನಿದ್ದು. ಊಟಕ್ಕೆ ಕರೆದರೆ, ಬರಲು ಇಷ್ಟವಿಲ್ಲದವರು ಕಿಟಕಿಯಾಚೆ ನೋಡುತ್ತಾರೆ, ಅಷ್ಟೆ.

ಮೂರು ವರ್ಷದ ಹಿಂದೆ ರಸ್ತೆಯ ಪತ್ರ ಬಂದಾಗ ಊರಿನ ಪತ್ರಿಕೆಗೆ ಬರೆಯುವ, ಪಕ್ಕದ ಮನೆಯ ನಾನು ಬೇಲಿಯಾಚೆಯಿಂದ ಕೇಳಿದ್ದೆ: "ಬರೆದು ಕೊಟ್ಯಾ?"

"ಸಭೆಗೇ ಹೋಗ್ಲಿಲ್ವಲ್ಲ, ಅಷ್ಟೂ ಅರ್ಥ ಆಗಲ್ವಾ ಅವ್ರಿಗೆ? ನಿನ್ ಥರ ಪೇಪರಲ್ಲಿ ಕೂಗಾಡೋಕೆ ನಂಗೆ ಬರಲ್ಲ ಮಾರಾಯ."

ರಸ್ತೆ ಆಯಿತು. ಅವಳ ಪಾಲಿಗೆ ಮೂವತ್ತೆಂಟು ಸಾವಿರ ಡಾಲರ್, ಇಪ್ಪತ್ತೈದು ವರ್ಷದ ಕಂತು. ಕಟ್ಟದಿದ್ದರೆ ಮನೆ ಹರಾಜು. ಪಿಂಚಣಿ ಆ ಕಂತಿಗೆ ಹೇಗೋ ಸಾಲುತ್ತದೆ. ಇನ್ನೊಂದು ಬಂದರೆ ಮನೆ ಉಳಿಯುವುದಿಲ್ಲ.

ಈ ಏಪ್ರಿಲ್‌ನಲ್ಲಿ ಇನ್ನೊಂದು ಬಂತು, ಮಳೆನೀರಿನ ಕೊಳವೆಗೆ. ಲಕೋಟೆಯನ್ನು ಒಡೆಯಲು ಹೆದರಿ ಬ್ರೆಡ್ ಡಬ್ಬಿಯ ಹಿಂದೆ ಇಟ್ಟಿದ್ದಳು. ಇಪ್ಪತ್ತಾರನೆಯ ದಿನ ಒಡೆದು, ಎರಡು ಸಾಲು ಬರೆದು, ಗೆರೆಯ ಹೊರಗಿದ್ದ ನನ್ನನ್ನೂ ಎಳೆದುಕೊಂಡು ಪುರಸಭೆಗೆ ಹೋದಳು. ಗುಮಾಸ್ತ ಕರ್ಟಿಸ್ ಒಂದು ಕಾಲಕ್ಕೆ ಅವಳ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ.

"ಮಿಸೆಸ್ ಟ್ವೀಟನ್, ಬಂದಿರೋದು ನಿಮ್ದೊಂದೇ. ಇನ್ನೂ ಹನ್ನೊಂದು ಮನೆಯವ್ರು ಬೇಕು. ನಾಲ್ಕು ದಿನ ಇದೆ."

"ಎಲ್ರಿಗೂ ಬೇಡಾನೇ ಕಣೋ! ನಿಂಗೊತ್ತಿಲ್ವಾ?"

"ಗೊತ್ತು. ಆದ್ರೆ ಯಾರೂ ಬರೆದಿಲ್ವಲ್ಲ."

ಹಾರ್ನ್ ಹೊಡೆದು ಕಾಯುವುದಷ್ಟೇ ಗೊತ್ತಿದ್ದ ಆರ್ಲಿಸ್ ಆ ಸಂಜೆ ಮೊದಲ ಬಾರಿಗೆ ಪಕ್ಕದ ಬೀದಿಯ ಮನೆಯೊಂದರ ಬಾಗಿಲು ತಟ್ಟಿದಳು. ಒಳಗೆ ಟೀವಿಯ ಸದ್ದು ನಿಂತಿತು. ಪರದೆ ಅಲುಗಿತು. ಯಾರೂ ಬರಲಿಲ್ಲ. ಮತ್ತೆ ತಟ್ಟಿದಳು.

"ನನ್ ಥರಾನೇ ಇದಾರೆ ನೋಡು," ಎಂದು ಜೊತೆಗಿದ್ದ ನನಗೆ ಪಿಸುಗುಟ್ಟಿದಳು. ನೆರೆಯವರ ಸಹಿಗೆಂದು ತಂದಿದ್ದ ಹಾಳೆಗಳನ್ನು ಕಂಕುಳಿಗೆ ಸೇರಿಸಿಕೊಂಡಳು. ಮುಂದಿನ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ, ಅಲ್ಲಿಯ ದೀಪವೂ ಆರಿತು.