ಸಿರಿ ಬಾಣಂತನಕ್ಕೆ ಬರಲಿಲ್ಲ

ನನ್ನ ಅಣ್ಣನ ಮಗ ಲೋಕೇಶನ ಹೆಂಡತಿ ಪದ್ಮಶ್ರೀ ‘ಮನೆಮಂದಿ’ ವಾರಪತ್ರಿಕೆಯಲ್ಲಿ ಮಕ್ಕಳನ್ನು ಬೆಳೆಸುವ ಬಗ್ಗೆ ಬರೆಯುತ್ತಿದ್ದಳು. ಅವಳ ಅಂಕಣ ಬರುವ ದಿನ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ನಿಲ್ಲುತ್ತಿತ್ತು. ಮೈಸೂರು ರೈಲು ಓದಿ ಮುಗಿಸಿಯೇ ಹೊರಡುತ್ತಿತ್ತು. ರೈಲಿನ ಮಾತು ಬೇಕಾದರೆ ಬಿಡಿ, ಹರಾಜಿನದು ಬಹುಪಾಲು ನಿಜ.

ಬರವಣಿಗೆ ಶುರುವಾದದ್ದು ರೇಷ್ಮೆ ಹುಳದ ಮನೆಯಲ್ಲಿ. ಹುಳಕ್ಕೆ ಸೊಪ್ಪು ಹಾಕಿ, ಅವು ಮೇಯುವಷ್ಟು ಹೊತ್ತು ಗೋಡೆಗೊರಗಿ ಬರೆಯುತ್ತಿದ್ದಳು. ಬರೆಯಲು ಸರಕು ಒಂದೇ, ಒಬ್ಬಳೇ ಮಗಳು ಸಿರಿ. ಸಿರಿಗೆ ಮೊದಲ ಹಲ್ಲು ಬಂದರೆ ಕನಕಪುರದಿಂದ ಬೆಳ್ಳಿ ಬಟ್ಟಲು ಬರುತ್ತಿತ್ತು. ಭೇದಿಯಾದರೆ ಮಾಗಡಿಯಿಂದ ಔಷಧಿ. ನಡೆಯಲು ತಡ ಮಾಡಿದಳೆಂದು ಚನ್ನಪಟ್ಟಣದ ಓದುಗರು ಕಳಿಸಿದ ಮರದ ತಳ್ಳುಗಾಡಿಗಳಲ್ಲಿ ಒಂದು ಮದುವೆಯ ದಿಬ್ಬಣವನ್ನೇ ಕೂರಿಸಬಹುದಿತ್ತು. ಮೂರನೇ ಕ್ಲಾಸಿನವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದುದೂ ಅಚ್ಚಾಯಿತು. ಇದನ್ನು ಇಲ್ಲಿ ಬರೆಯಲೇ ಎಂದು ಸಿರಿಯನ್ನೇ ಕೇಳಿದೆ. “ಬರ್ಕೊ ತಾತ. ಅದು ಆಗ್ಲೇ ಊರಿಗೆಲ್ಲ ಗೊತ್ತೈತಲ್ಲ” ಎಂದಳು.

ಸೋಲೂರಿನಿಂದ ಹೆಣ್ಣು ನೋಡಲು ಬಂದ ದಿನ ಸಿರಿ ಕಾಫಿ ತಟ್ಟೆ ಹಿಡಿದು ಬಂದಳು. ಹುಡುಗನ ತಾಯಿ ದೊಡ್ಡಲಕ್ಷ್ಮಮ್ಮ ಅಂಕಣದ ದೊಡ್ಡ ಭಕ್ತೆ. ಮಗುವಿನ ಗಲ್ಲ ಹಿಡಿದಂತೆ ಹುಡುಗಿಯ ಗಲ್ಲ ಹಿಡಿದು, “ಹಾಸಿಗೆ ಒದ್ದೆ ಮಾಡ್ತಿದ್ದೋಳು ನೀನೇ ಅಲ್ವೇನವ್ವಾ? ಇವಾಗ ನಿಂತೈತಾ?” ಎಂದರು. ಮನೆಯೇ ನಕ್ಕಿತು. ಹುಡುಗನೂ ನಕ್ಕ. ಪದ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಸಿರಿ ಮಾತ್ರ ತಾಯಿಯ ಮುಖವನ್ನೇ ನೋಡುತ್ತ ನಿಂತಿದ್ದಳು.

ಸಂಬಂಧವೇನೋ ಕುದುರಿತು. ಆದರೆ ಅಂದಿನಿಂದ ಸಿರಿ ತಾಯಿಗೆ ಏನನ್ನೂ ಹೇಳುವುದು ಬಿಟ್ಟಳು. ಬಸಿರಾದ ಸುದ್ದಿಯೂ ಬೀಗಿತ್ತಿಯ ಫೋನಿನಿಂದಲೇ ತಿಳಿಯಿತು.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ಪದ್ಮ ಕೋಣೆಗೆ ಸುಣ್ಣ ಹೊಡೆಸಿದಳು, ಬಾಣಂತಿ ಖಾರ ಕುಟ್ಟಿಸಿದಳು. ಬಾಣಂತನದ ಬಗ್ಗೆಯೇ ಅವಳು ಬರೆದದ್ದನ್ನು ಹಾಸಿದರೆ ರಾಮನಗರದಿಂದ ಮಾಗಡಿವರೆಗೆ ರಸ್ತೆ ಮುಚ್ಚುತ್ತಿತ್ತು. ಅಂಕಣದ ಹೆಸರು ಇನ್ನು ಮುಂದೆ ‘ಅಜ್ಜಿಯ ಮಡಿಲು’ ಎಂದು ಸಂಪಾದಕರು ಪತ್ರಿಕೆಯಲ್ಲಿ ಸಾರಿಯೂ ಆಗಿತ್ತು. ಆಗ ಸಿರಿಯ ಫೋನು ಬಂತು: “ನಾನು ಬರಲ್ಲ ಕಣಮ್ಮ. ಇಲ್ಲೇ ಇರ್ತೀನಿ.”

ಪದ್ಮ ಡೇರಿಗೆ ಹಾಲು ಹಾಕಲು ಹೋದರೆ ಸಾಲಿನ ಹೆಂಗಸರದ್ದು ಒಂದೇ ಪ್ರಶ್ನೆ.

“ಮಗಳು ಇನ್ನೂ ಬರ್ನಿಲ್ವೇನಕ್ಕಾ?”

“ಡಾಕ್ಟ್ರು ಬಸ್ಸು ಬೇಡ ಅಂದವ್ರೆ ಕಣವ್ವ.”

“ಕಾರೂ ಬೇಡ ಅಂದ್ರಾ?”

ಮಾರನೆಯ ದಿನದಿಂದ ಹಾಲಿನ ಕ್ಯಾನು ಲೋಕೇಶನ ಕೈಗೆ ಹೋಯಿತು. ಬೀದಿಗೆ ಬರುವುದನ್ನೇ ಬಿಟ್ಟ ಪದ್ಮ ಹಿತ್ತಿಲ ಬಾಗಿಲಲ್ಲಿ ಓಡಾಡತೊಡಗಿದಳು.

ಹೆರಿಗೆಯಾಯಿತೆಂದು ತಿಳಿದಾಗ ನನ್ನನ್ನು ಕರೆದುಕೊಂಡು ಸೋಲೂರಿಗೆ ಹೊರಟಳು. ಮಾಗಡಿಯಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬಳು ಗುರುತು ಹಿಡಿದು, “ಅಯ್ಯೋ, ನೀವೇ ಅಲ್ವಾ? ನೀವು ಬರ್ದಂಗೇ ನನ್ನ ಮಗಳ ಬಾಣಂತನ ಮಾಡ್ದೆ ಕಣಕ್ಕ! ನಿಮ್ಮ ಮಗಳದ್ದು ಎಲ್ಲಿ?” ಎಂದಳು. ಪದ್ಮ ಖಾರದ ಡಬ್ಬಿಯನ್ನು ಸೆರಗಿನೊಳಗೆ ಸರಿಸಿ ಕಿಟಕಿಯ ಕಡೆ ತಿರುಗಿದಳು. ಜೋಕು ಹೊಡೆಯಲು ನಾನು ಬಾಯಿ ತೆರೆದೆ. ಜೀವಮಾನದಲ್ಲಿ ಮೊದಲ ಸಲ ಅದನ್ನು ನುಂಗಿ ಟಿಕೆಟ್ಟಿನ ಚಿಲ್ಲರೆ ಎಣಿಸಿದೆ.

ಸೋಲೂರಿನ ಮನೆಯಲ್ಲಿ ಸಿರಿ ಒಳಕೋಣೆಯಲ್ಲಿದ್ದಳು, ಬಾಗಿಲಿಗೆ ಪರದೆ. ನಾನು ಎದುರಿನ ಜಗಲಿಯಲ್ಲಿ ಕೂತೆ. ಪದ್ಮ ಪರದೆಗೆ ಕೈಹಾಕುವಷ್ಟರಲ್ಲಿ ಒಳಗಿನಿಂದ ದನಿ ಬಂತು.

“ಅಲ್ಲೇ ನಿಂತ್ಕೋ ಅಮ್ಮ. ಹುಳ ಜ್ವರಕ್ಕೆ ಕೂತು ಪೊರೆ ಬಿಡೋವಾಗ ಪಕ್ಕದ ಮನೆಯೋರನ್ನೂ ಒಳಕ್ಕೆ ಬಿಡ್ತಿರ್ಲಿಲ್ಲ ನೀನು. ‘ಹುಳ ಹೆಂಗವೆ’ ಅಂತ ಯಾರಾದ್ರೂ ಕೇಳಿದ್ರೂ ಬಾಯಿ ಬಿಡ್ತಿರ್ಲಿಲ್ಲ. ನನ್ನ ಮಾತ್ರ ಊರಿಗೆಲ್ಲ ತೋರಿಸ್ದೆ.”

“ನಾಲ್ಕು ಜನ ತಾಯಂದ್ರಿಗೆ ಅನುಕೂಲ ಆಗ್ಲಿ ಅಂತ ಕಣೇ...”

“ನನಗೆ?”

ಪದ್ಮ ಕಿವಿಯವರೆಗೆ ಕೆಂಪಾದಳು. ಆಮೇಲೆ ಜಗಲಿಗೆ ಬಂದು ಚೀಲ, ಪೆನ್ನು, ಫೋನು ಎಲ್ಲವನ್ನೂ ನನ್ನ ಮಡಿಲಿಗೆ ಹಾಕಿದಳು. ಬಚ್ಚಲಿನಲ್ಲಿ ಕೈಕಾಲು ತೊಳೆದಳು, ಹುಳದ ಮನೆಗೆ ಹೋಗುವ ಮುಂಚೆ ತೊಳೆಯುತ್ತಿದ್ದ ಹಾಗೆಯೇ. ಪರದೆಯ ಹೊರಗೆ ಮತ್ತೆ ನಿಂತು ತಗ್ಗಿದ ದನಿಯಲ್ಲಿ ಕೇಳಿದಳು: “ಬರ್ಲಾ?”

ಒಳಗಿನಿಂದ “ಬಾ” ಎಂಬುದು ಬರುವಷ್ಟರಲ್ಲಿ ನನ್ನ ಗಡ್ಡ ಒಂದು ಗೇಣು ಬೆಳೆದಿತ್ತು.

ನನ್ನ ಮಡಿಲಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಸಂಪಾದಕರು. ನಾನು ಎತ್ತಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ, “ಮಗೀನ ಮೋರೆ ಯಾರಂಗೈತವ್ವಾ?”

“ಅವಳನ್ನೇ ಕೇಳಿ, ಚಿಕ್ಕಮಾವ.”

“ಗಂಡೋ ಹೆಣ್ಣೋ ಅದನ್ನಾದ್ರೂ ಹೇಳು!”

ಹೇಳಲಿಲ್ಲ. ಮರುದಿನ ಬೆಳಿಗ್ಗೆ ಹಾಲಿನ ಕ್ಯಾನನ್ನು ತಾನೇ ಹಿಡಿದು ಮುಂಬಾಗಿಲಿನಿಂದ ಹೊರಟಳು. ಡೇರಿಯ ಸಾಲು ಅವಳನ್ನು ಕಂಡದ್ದೇ ತಡ, “ಮಗಳು ಯಾಕೆ ಬರ್ನಿಲ್ಲಕ್ಕಾ?” ಎಂದಿತು.

“ನಾನು ಬರೀತೀನಿ ಅಂತ ಬರ್ನಿಲ್ಲ” ಎಂದಳು ಪದ್ಮ. ತಲೆ ಎತ್ತಲಿಲ್ಲ. ಸಾಲಿನಲ್ಲಿ ಯಾರೂ ನಗಲಿಲ್ಲ.

ಆ ವಾರ ಪತ್ರಿಕೆಯಲ್ಲಿ ಅವಳ ಜಾಗದಲ್ಲಿ ನಿಂಬೆ ಉಪ್ಪಿನಕಾಯಿ ಹಾಕುವ ವಿಧಾನ ಬಂದಿತ್ತು.