ಹೊಸಿಲ ಮೇಲೆ ನಿಂತ ಹರಳು

ನಮ್ಮ ಮೇಡಂ ಅವರ ಬಲಗೈಯ ನಡುಬೆರಳಿನ ಗೆಣ್ಣು ಕಂದಿ ಗಡುಸಾಗಿತ್ತು. ಬಾಗಿಲು ತಟ್ಟಿ ತಟ್ಟಿ ಆದದ್ದು. ಶಿವಮೊಗ್ಗದ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಬೀಗ ತೆಗೆಯುವವರು ಅವರೇ, ಒಳಗೆ ನರಪಿಳ್ಳೆಯೂ ಇಲ್ಲವೆಂದು ಬಲ್ಲವರೂ ಅವರೇ. ಆದರೂ ಟಕ್ ಟಕ್ ಎಂದು ಎರಡು ಸಲ ತಟ್ಟಿ, ಒಂದು ಗಳಿಗೆ ನಿಂತು, ಆಮೇಲೆ ಬಾಗಿಲು ತಳ್ಳುತ್ತಿದ್ದರು. ಸಂಶೋಧನೆಗೆಂದು ಅವರ ಕೈಕೆಳಗೆ ಸೇರಿದ ಹೊಸದರಲ್ಲಿ ನನಗೆ ನಗು ಬಂದಿತ್ತು.

"ಯಾರಿದಾರೆ ಅಂತ ತಟ್ತೀರಿ ಮೇಡಂ?"

"ಯಾರೂ ಇಲ್ಲ ಮಾರಾಯ್ತಿ. ನಾವಿಲ್ದಾಗ ಒಳಗೆ ಏನೇನು ನಡೀತಿರುತ್ತೋ. ಹೇಳ್ಕೊಂಡು ಹೋಗೋದು ಮರ್ಯಾದೆ."

ಭದ್ರಾವತಿಯ ಜನ್ನಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮಧ್ಯಾಹ್ನದ ಡಬ್ಬಿಯನ್ನು ಪ್ರಯೋಗಾಲಯದ ಕುಲುಮೆಗೆ ಎದುರಾಗಿ ಕೂತೇ ಬಿಚ್ಚುವುದು. ಇತ್ತ ತಿರುಗಿ ಕೂರಿ ಎಂದರೆ, "ಕಾರ್ಖಾನೆ ಊರಲ್ಲಿ ಹುಟ್ಟಿದೋಳು ನಾನು, ಬೆಂಕಿಗೆ ಬೆನ್ನು ಹಾಕಲ್ಲ" ಎನ್ನುವರು. ನಾನು ಅಂದಾಜಿನ ಮೇಲೆ ಏನಾದರೂ ಒದರಿದರೆ ಮುಗಿಯಿತು. "ಊಹೆ ಅನ್ನೋದು ಉಪ್ಪಿನಕಾಯಿ ಕಣೇ, ಅದನ್ನೇ ಊಟ ಅನ್ಕೋಬೇಡ." ಬೈಗುಳವೂ ಊಟದ ಜೊತೆಗೇ ಬರುತ್ತಿತ್ತು.

ಅವರ ಜೀವವೆಲ್ಲ ಒಂದೇ ಹರಳಿನ ಮೇಲಿತ್ತು. ಪೆರೊವ್‌ಸ್ಕೈಟ್ ಜಾತಿಯ ಸ್ಟ್ರಾನ್ಷಿಯಂ ಟೈಟನೇಟ್. ನೋಡಲು ಗಾಜಿನ ಚೂರು. ಅದನ್ನು ತಣ್ಣಗೆ ಮಾಡುತ್ತ ಹೋದರೆ ಒಳಗಿನ ಪರಮಾಣುಗಳೆಲ್ಲ ಒಂದೇ ಕಡೆಗೆ ವಾಲಿ, ಹರಳಿಗೆ ವಿದ್ಯುತ್ತಿನ ಎರಡು ತುದಿಗಳು ಮೂಡಬೇಕು. ಅದಕ್ಕೆ ಫೆರೋಎಲೆಕ್ಟ್ರಿಕ್ ಸ್ಥಿತಿ ಎನ್ನುತ್ತಾರೆ. ಈ ಹರಳು ಮಾತ್ರ ವಾಲುವುದಿಲ್ಲ. ಎಷ್ಟು ತಣಿಸಿದರೂ ಪರಮಾಣುಗಳಲ್ಲಿ ಉಳಿದೇ ಇರುವ ಸಣ್ಣ ನಡುಕ ಅದನ್ನು ತಡೆಯುತ್ತದೆ. "ಹೊಸಿಲ ಮೇಲೆ ನಿಂತೋಳು ಇವಳು. ಒಳಗೂ ಬರಲ್ಲ, ಹೊರಗೂ ಹೋಗಲ್ಲ" ಎನ್ನುತ್ತಿದ್ದರು ಮೇಡಂ. ಅದರೊಳಗಿನ ಆಮ್ಲಜನಕವನ್ನು ತೆಗೆದು, ಅದೇ ಆಮ್ಲಜನಕದ ತುಸು ಭಾರವಾದ ಐಸೋಟೋಪ್ ತುಂಬಿದರೆ ನಡುಕ ಕಡಿಮೆಯಾಗುತ್ತದೆ, ಹರಳು ವಾಲುತ್ತದೆ. ಬಣ್ಣ ಬದಲಾಗದು, ರಾಸಾಯನಿಕ ಗುಣ ಬದಲಾಗದು, ಒಳಗೆ ಇಷ್ಟೇ ಇಷ್ಟು ಭಾರ ಹೆಚ್ಚುತ್ತದೆ. ದೂರದ ದೇಶಗಳಲ್ಲಿ ಮಾಡಿ ನೋಡಿದ್ದಾರೆ. ನಮ್ಮ ಕೋಣೆಯಲ್ಲೂ ಆಗಬೇಕು ಎಂಬುದು ಅವರ ಹಟ.

ಎರಡು ಚೂರುಗಳನ್ನು ವಾರಗಟ್ಟಲೆ ಕುಲುಮೆಯಲ್ಲಿಟ್ಟೆವು. ಒಂದನ್ನು ಭಾರದ ಆಮ್ಲಜನಕದಲ್ಲಿ, ಇನ್ನೊಂದನ್ನು ಹೋಲಿಕೆಗೆಂದು ಮಾಮೂಲಿ ಆಮ್ಲಜನಕದಲ್ಲಿ. ಉಜ್ಜಿ ತೆಳುಮಾಡಿ ಎರಡು ಪುಟ್ಟ ಡಬ್ಬಿಗಳಲ್ಲಿಟ್ಟು, ಭಾರದ್ದರ ಮುಚ್ಚಳಕ್ಕೆ ಕಪ್ಪು ಪೆನ್ನಿನಲ್ಲಿ ಗುರುತು ಹಾಕಿದೆವು. ಅಷ್ಟರಲ್ಲಿ ಮೇಡಂಗೆ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಹರಳು ವಾಲಿದ್ದನ್ನು ನೋಡಿಯೇ ಹೋಗಬೇಕು ಎಂಬ ಒಂದೇ ಆಸೆ ಅವರಿಗೆ ಉಳಿದಿತ್ತು.

ಆಯುಧಪೂಜೆ ಬಂತು. ಪ್ರತಿ ವರ್ಷದಂತೆ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಪಿರಿಟ್ ಹಚ್ಚಿದ ಬಟ್ಟೆ ಹಿಡಿದು, ಕುಲುಮೆ, ಮೀಟರು, ಕಪಾಟು, ಕಂಡದ್ದನ್ನೆಲ್ಲ ಒರೆಸಿ ಕುಂಕುಮ ಇಟ್ಟರು. ಎರಡು ಡಬ್ಬಿಗಳನ್ನೂ ಒರೆಸಿದರು. ಕುಂಬಳಕಾಯಿ ಒಡೆದು ಬಂದ ಮೇಲೆ ನೋಡಿದರೆ ಎರಡು ಮುಚ್ಚಳಗಳ ಮೇಲೂ ಕುಂಕುಮದ ಬೊಟ್ಟು ಇತ್ತು, ಕಪ್ಪು ಗುರುತು ಎಲ್ಲೂ ಇರಲಿಲ್ಲ.

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಹರಳುಗಳನ್ನು ಉಜ್ಜಿ ಸವೆಸಿದ್ದರಿಂದ ತೂಕವೂ ಸಾಕ್ಷಿ ಹೇಳುವಂತಿರಲಿಲ್ಲ. ಹರಳನ್ನು ಅಷ್ಟು ತಣಿಸಿ ಪರೀಕ್ಷಿಸುವ ಯಂತ್ರ ಇದ್ದದ್ದು ಬೆಂಗಳೂರಿನಲ್ಲಿ; ಅದರ ಸರದಿ ಸಿಗುವುದೇ ತಿಂಗಳುಗಟ್ಟಲೆ ಕಾದರೆ, ಅದೂ ಒಂದು ಸಲಕ್ಕೆ ಒಂದೇ ಹರಳು.

"ನನ್ನ ಕೈಯಾರೆ ಒರೆಸಿಬಿಟ್ಟೆ ನೋಡು" ಎಂದರು. ಆಮೇಲೆ ಎರಡೂ ಡಬ್ಬಿಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, ಒಂದನ್ನು ನನ್ನತ್ತ ಚಾಚಿದರು. "ಇದನ್ನ ತಗೊಂಡ್ಹೋಗು. ಇವತ್ತು ಉಪ್ಪಿನಕಾಯಿನೇ ಊಟ."

ಅದು ವಾಲಲಿಲ್ಲ. ಬೆಂಗಳೂರಿನಿಂದ ತಂದ ನಕ್ಷೆಯಲ್ಲಿ, ಹರಳು ವಾಲಿದ್ದರೆ ಶಿಖರ ಮುಟ್ಟಿ ಇಳಿಯಬೇಕಿದ್ದ ಗೆರೆ ಏರುತ್ತ ಹೋಗಿ, ಕೊನೆಗೆ ಮಟ್ಟಸವಾಗಿ ಮಲಗಿತ್ತು. ಜನ್ನಾಪುರದ ಮನೆಗೆ ಹೋಗಿ ತೋರಿಸಿದೆ. ಹಾಸಿಗೆ ಹಿಡಿದಿದ್ದರು. ಆ ಗೆರೆಯ ಮೇಲೆ ಬೆರಳಾಡಿಸಿದರು.

"ಇವಳು ಹೊಸಿಲು ಬಿಟ್ಟಿಲ್ಲ. ಹಂಗಾದ್ರೆ ಭಾರದವಳು ಡಬ್ಬಿಯಲ್ಲೇ ಕೂತಿದಾಳೆ. ಇಲ್ಲಾ, ನಾವು ಸುಟ್ಟಿದ್ದೇ ಸರಿಯಾಗಿಲ್ಲ. ಮುಂದಿನ ಸರದಿ ಯಾವಾಗ?"

"ಬೇಸಿಗೆಗೆ, ಮೇಡಂ."

"ಅಷ್ಟು ದಿನ ನನ್ನ ಕೈಲಾಗಲ್ಲ ಮಾರಾಯ್ತಿ. ಏನಾಯ್ತು ಅಂತ ಬಂದು ಹೇಳು."

ಎಲ್ಲಿಗೆ ಬಂದು ಹೇಳಲಿ ಎಂದು ಕೇಳದೆಯೇ ನಕ್ಷೆ ಮಡಚಿಕೊಂಡು ಹೊರಟೆ. ಸಂಕ್ರಾಂತಿಗೆ ಮುಂಚೆಯೇ ಹೋದರು.

ಅವರು ಹೋದ ಮೇಲೆ ಸದ್ದು ಶುರುವಾಯಿತು. ಒಳಗೆ ಒಬ್ಬಳೇ ಕೆಲಸ ಮಾಡುತ್ತಿರುವಾಗ ಬಾಗಿಲ ಮೇಲೆ ಟಕ್ ಟಕ್. ಎದ್ದು ತೆಗೆದರೆ ಖಾಲಿ ಕಾರಿಡಾರು. ನಾನೂ ಭೌತಶಾಸ್ತ್ರ ಓದಿದವಳೇ. ಮರ ಹಿಗ್ಗಿತೋ, ಗಾಳಿಯೋ ಎಂದು ಚಿಲಕ ಬಿಗಿಸಿದೆ, ಸಂದಿಗೆ ಬಟ್ಟೆ ತುರುಕಿದೆ. ಸದ್ದು ನಿಲ್ಲಲಿಲ್ಲ. ಬೇರೆಯವರು ಜೊತೆಗಿದ್ದಾಗ ಬರುತ್ತಲೂ ಇರಲಿಲ್ಲ. ಗೋಪಾಳದ ನಮ್ಮ ಮನೆಯಲ್ಲಿ ಹೇಳಿದರೆ ಅಮ್ಮ ತಾಯಿತ ಕಟ್ಟಿಸಲು ಹೊರಟಳು.

ಬೇಸಿಗೆಯಲ್ಲಿ ಉಳಿದ ಹರಳನ್ನು ಒಯ್ದೆ. ಸೊನ್ನೆಗಿಂತ ಸುಮಾರು ಇನ್ನೂರೈವತ್ತು ಡಿಗ್ರಿ ಕೆಳಗೆ ಹೋದಾಗ ಗೆರೆ ಸರ್ರನೆ ಏರಿ, ಶಿಖರ ಮುಟ್ಟಿ, ಇಳಿಯಿತು. ಹರಳು ವಾಲಿತ್ತು. ಮೇಡಂಗೆ ಹೇಳಲೆಂದು ಪಕ್ಕಕ್ಕೆ ತಿರುಗಿದೆ, ಪಕ್ಕದಲ್ಲಿ ಯಾರೂ ಇರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ.

ಮರುದಿನ ಶಿವಮೊಗ್ಗದಲ್ಲಿ ಪ್ರಯೋಗಾಲಯದ ಬೀಗ ತೆಗೆದೆ. ಜೀವಮಾನದಲ್ಲಿ ಮೊದಲ ಸಲ, ಖಾಲಿ ಕೋಣೆಯ ಬಾಗಿಲನ್ನು ಎರಡು ಬಾರಿ ತಟ್ಟಿ, ನಿಂತು, ಒಳಗೆ ಹೋದೆ. ಅವರು ಕೂರುತ್ತಿದ್ದ ಜಾಗದ ಕಡೆ ತಿರುಗಿ "ಮೇಡಂ, ವಾಲ್ತು" ಎಂದೆ.

ಅಂದಿನಿಂದ ಆ ಸದ್ದು ಕೇಳಿಲ್ಲ. ಈಗ ತಟ್ಟುವವಳು ನಾನೊಬ್ಬಳೇ. ಅವಸರ ಮಾಡಿಬಿಟ್ಟೆ ಅನ್ನಿಸುತ್ತದೆ. ಇನ್ನೂ ಸ್ವಲ್ಪ ಕಾಲ ಹೇಳದೆ ಇಟ್ಟುಕೊಂಡಿದ್ದರೆ, ಅವರು ಆ ಬಾಗಿಲಲ್ಲೇ ನಿಂತಿರುತ್ತಿದ್ದರೇನೋ.