ದೊಡ್ಡಪ್ಪ ಮೆತ್ತಿದ ಗಾರೆ

ನಮ್ಮ ದೊಡ್ಡಪ್ಪ ನೀರುಗಂಟಿ. ಕವಲು ಕಾಲುವೆಯ ಗೇಟು ಎತ್ತುವುದು, ಇಳಿಸುವುದು ಅವರ ಕೆಲಸ. ಕಾಲುವೆಯ ಪುರಾಣ ಕೊರೆಯುವುದು ಅವರ ಚಟ. ರಸ್ತೆ, ಲಾರಿ ಬರುವ ಮುಂಚೆ ಇಲ್ಲಿ ದೋಣಿಗಳು ಓಡಾಡುತ್ತಿದ್ದವಂತೆ. ಅವರಪ್ಪ ಹೆಗಲಿಗೆ ಹಗ್ಗ ಬಿಗಿದುಕೊಂಡು, ದಂಡೆಯ ಮೇಲೆ ನಡೆಯುತ್ತಾ, ಇಟ್ಟಿಗೆ ತುಂಬಿದ ದೋಣಿ ಎಳೆಯುತ್ತಿದ್ದರಂತೆ. ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಿತ್ತು; ಅವರು ಶುರು ಮಾಡಿದರೆ ಸಾಕು, ನಗುತ್ತಿದ್ದೆವು.

ಆ ಬೆಳಿಗ್ಗೆ ಮಾತ್ರ ಯಾರೂ ನಗಲಿಲ್ಲ. ಕಾಲುವೆ ಅಗಲ ಮಾಡಲು ನಮ್ಮ ಕಾಲುಸೇತುವೆಯನ್ನೇ ಕೆಡವುತ್ತಾರಂತೆ! ದೊಡ್ಡಮ್ಮನ ಹೊಲಿಗೆ ಅಂಗಡಿ ಆಚೆ ದಡದಲ್ಲಿ. ಸೇತುವೆ ಹೋದರೆ ದಿನಾ ಮೂರು ಮೈಲಿ ಸುತ್ತು. ದೋಣಿ ಕಾಲದ್ದು ಎಂದು ಸಾಬೀತಾದರೆ ಮಾತ್ರ ಉಳಿಸುತ್ತೇವೆ ಎಂದಿತ್ತು ಇಲಾಖೆ. ಇಂಜಿನಿಯರ್ ಮೇಡಂ ಬಂದವರೇ ಸೇತುವೆಯ ಕೆಳಗೆ ಬಗ್ಗಿ ಮೂಲೆಗಲ್ಲು ಸವರಿದರು.

"ದೋಣಿ ಎಳೆಯೋ ಹಗ್ಗ ಇಲ್ಲಿ ಉಜ್ಜಿದ್ರೆ ಕಲ್ಲು ಸವೆದಿರಬೇಕಲ್ಲ? ಇದು ನುಣ್ಣಗಿದೆ."

ದೊಡ್ಡಪ್ಪ ಹಣೆ ಚಚ್ಚಿಕೊಂಡರು. "ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದವರೇ ಗೇಟಿನ ಕೋಣೆಗೆ ಎದ್ದೆನೋ ಬಿದ್ದೆನೋ ಎಂದು ಓಡಿ, ಉಳಿ ಸುತ್ತಿಗೆ ತಂದು ಮೂಲೆಗೇ ಬಾರಿಸತೊಡಗಿದರು.

"ಅವರೇ ಕೆಡವ್ತಾರಂತಲ್ರೀ, ನಿಮಗೇನು ಅವಸರ?" ದೊಡ್ಡಮ್ಮ ಕೂಗಿದರು.

"ಸುಮ್ನಿರೇ! ಇದು ಕಲ್ಲಲ್ಲ, ನಾನೇ ಮೆತ್ತಿದ ಗಾರೆ!"

ದೊಡ್ಡಪ್ಪ ಕೆಲಸಕ್ಕೆ ಸೇರಿದ ಮೊದಲ ವರ್ಷ ಅದು, ತಮ್ಮಪ್ಪನ ಕಥೆಗೆ ಕಿವಿಗೊಡದ ವಯಸ್ಸು. ಮೇಲಿನವರಿಂದ ಭೇಷ್ ಅನ್ನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ, ಮೂಲೆಯ ಗೆರೆಗಳನ್ನು ಬಿರುಕು ಎಂದುಕೊಂಡು ಅಚ್ಚುಕಟ್ಟಾಗಿ ಮುಚ್ಚಿದ್ದರು ಪುಣ್ಯಾತ್ಮರು! ಆಮೇಲೆ ಮರೆತೂ ಬಿಟ್ಟಿದ್ದರು.

ಒಂದು ಚಕ್ಕೆ ಹಾರಿತು. ಒಳಗೆ ಬೆರಳು ಮುಳುಗುವಷ್ಟು ಆಳದ ಗೆರೆ! ಅದರ ಕೆಳಗೆ ಇನ್ನೊಂದು! ಒಟ್ಟು ಏಳು, ಎಲ್ಲವೂ ಒಂದೇ ಕಡೆಗೆ ಓರೆ. ನಾನು ನಿಂತಲ್ಲೇ ಕುಣಿದುಬಿಟ್ಟೆ. ದೊಡ್ಡಮ್ಮ ಸೆರಗಿನಿಂದಲೇ ಧೂಳು ಒರೆಸಿದರು. ಮೇಡಂ ಅಳತೆ ಹಿಡಿದರು, ಫೋಟೋ ತೆಗೆದರು, ನಕ್ಷೆಯಲ್ಲಿ 'ಕೆಡವುವುದು' ಎಂದಿದ್ದನ್ನು ಹೊಡೆದುಹಾಕಿದರು. ಸೇತುವೆ ಉಳಿಯಿತು!

"ಅಲ್ಲಾ, ಅವತ್ತು ನಿಮಗೆ ಯಾರೂ ಬೇಡ ಅನ್ಲಿಲ್ವಾ?" ಮೇಡಂ ನಗುತ್ತಾ ಕೇಳಿದರು.

ದೊಡ್ಡಪ್ಪ ಗೆರೆಯೊಳಗಿಟ್ಟ ಬೆರಳು ತೆಗೆಯಲಿಲ್ಲ.

"ನಮ್ಮಪ್ಪ ಬಂದು ನೋಡಿದ್ರು ಮೇಡಂ. ಗಾರೆ ಮೇಲೆ ತುಂಬಾ ಹೊತ್ತು ಕೈಯಾಡಿಸಿದ್ರು. ಆಮೇಲೆ, 'ಚೆನ್ನಾಗಿ ಮುಚ್ಚಿದೀಯ ಕಣೋ' ಅಂತ ನನ್ನ ಬೆನ್ನು ತಟ್ಟಿದ್ರು."